ಆಗಸ್ಟ್‌ನಲ್ಲಿ ಕೂತ ಹೆಲ್ಮೆಟ್ ನವೆಂಬರ್‌ನಲ್ಲಿ ಕೂರುವುದಿಲ್ಲ

ಕ್ರಿಕೆಟ್ ಆಡುವವನ ಕಿಟ್ ಅವನದೇ. ಬ್ಯಾಟು, ಪ್ಯಾಡು, ಹೆಲ್ಮೆಟ್ಟು ಎಲ್ಲವನ್ನೂ ತಾನೇ ಹೊತ್ತು ತರುತ್ತಾನೆ, ಆಟ ಮುಗಿದ ಮೇಲೆ ತಾನೇ ಹೊತ್ತು ಒಯ್ಯುತ್ತಾನೆ. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಹಾಗಿಲ್ಲ. ಹೆಲ್ಮೆಟ್‌ನಿಂದ ಹಿಡಿದು ಕಾಲುಚೀಲದವರೆಗೆ ಎಲ್ಲವೂ ಕಾಲೇಜಿನ ಸ್ವತ್ತು. ಅದನ್ನು ಅಳೆದು ಕೊಡುವುದು, ಒಗೆಯುವುದು, ರಿಪೇರಿ ಮಾಡುವುದು, ಊರಿಂದೂರಿಗೆ ಸಾಗಿಸುವುದು ಸಲಕರಣೆ ಕೋಣೆಯ ಪಾಲಿನ ಕೆಲಸ. ಕಾಯಂ ಸಿಬ್ಬಂದಿ ಎರಡು ಮೂರು ಮಂದಿ. ಉಳಿದವರೆಲ್ಲ ತರಗತಿಯ ನಡುವೆ ಬಂದು ದುಡಿಯುವ ವಿದ್ಯಾರ್ಥಿಗಳು. ಟಿವಿಯಲ್ಲಿ ನೋಡುವವರಿಗೆ ಸೀಸನ್ ಎಂದರೆ 12 ಶನಿವಾರಗಳು. ಈ ಕೋಣೆಯಲ್ಲಿ ಅದು ಜುಲೈ ಕೊನೆಗೆ ಶುರುವಾಗಿ ಜನವರಿಗೆ ಮುಗಿಯುತ್ತದೆ.

ಆಟ ಗೊತ್ತಿಲ್ಲದವರಿಗೆ ಎರಡೇ ಮಾತು. ಮೈದಾನ 100 ಗಜ, ಎರಡೂ ತುದಿಗೆ ಹತ್ತತ್ತು ಗಜದ ಎಂಡ್ ಝೋನ್. ಒಂದೊಂದು ಕಡೆ 11 ಮಂದಿ. ಚೆಂಡು ಕೈಲಿದ್ದ ತಂಡಕ್ಕೆ 10 ಗಜ ಮುಂದೆ ಸಾಗಲು ನಾಲ್ಕು ಅವಕಾಶ; ಸಾಗಿದರೆ ಮತ್ತೆ ನಾಲ್ಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಒಂದೊಂದು ಅವಕಾಶವೂ ನಾಲ್ಕೈದು ಸೆಕೆಂಡಿನ ಡಿಕ್ಕಿ. ಸಲಕರಣೆ ಸಡಿಲವಾಗುವುದು, ಸೀಳುವುದು, ಮುರಿಯುವುದು ಆ ಸೆಕೆಂಡುಗಳಲ್ಲೇ.

ಮೊದಲ ಕೆಲಸ ಅಳತೆ. ನೂರಕ್ಕೂ ಹೆಚ್ಚು ಆಟಗಾರರು ಸಾಲಾಗಿ ಬಂದು ನಿಲ್ಲುತ್ತಾರೆ. ಟೇಪನ್ನು ಹುಬ್ಬಿನಿಂದ ಒಂದು ಇಂಚು ಮೇಲೆ ಹಿಡಿದು, ಹಿಂದಲೆಯ ಉಬ್ಬನ್ನು ಬಳಸಿ ತರಬೇಕು. ಎರಡು ಸಲ ಅಳೆದು, ಹೆಚ್ಚು ಬಂದದ್ದನ್ನು ಬರೆದುಕೊಳ್ಳುತ್ತೇವೆ. 22ರಿಂದ 23.5 ಇಂಚಿನವರೆಗಿನ ತಲೆ ಹೆಚ್ಚಾಗಿ ಲಾರ್ಜ್‌ಗೆ ಬೀಳುತ್ತದೆ. ಆದರೆ ರಿಡೆಲ್‌ನ ಲಾರ್ಜೇ ಬೇರೆ, ಶಟ್‌ನ ಲಾರ್ಜೇ ಬೇರೆ. ಆಯಾ ಕಂಪನಿಯ ಅಳತೆಪಟ್ಟಿ ನೋಡದೆ ಶೆಲ್‌ಗೆ, ಅಂದರೆ ಹೆಲ್ಮೆಟ್‌ನ ಗಟ್ಟಿ ಹೊರಚಿಪ್ಪಿಗೆ, ಕೈ ಹಾಕಬಾರದು. ಅಳತೆಗೆ ಮುಂಚೆ ತಲೆಗೂದಲನ್ನು ಒದ್ದೆ ಮಾಡಿಸುತ್ತೇವೆ. ಒಣಗೂದಲಿಗೆ ಚೆನ್ನಾಗಿ ಕೂತ ಹೆಲ್ಮೆಟ್ ಬೆವರಿದ ಮೇಲೆ ಜಾರುತ್ತದೆ, ಆಟವಾಡುವ ತಲೆ ಯಾವಾಗಲೂ ಬೆವರಿದ ತಲೆಯೇ.

ಹಾಕಿಸಿದ ಮೇಲೆ ನೋಡಬೇಕಾದ್ದು ಇಷ್ಟು. ಮುಂದಿನ ಅಂಚು ಹುಬ್ಬಿನಿಂದ ಎರಡು ಬೆರಳು ಮೇಲಿರಬೇಕು. ಕಿವಿಯ ತೂತು ಕಿವಿಗೆ ಎದುರಾಗಿರಬೇಕು. ಹಿಂಬದಿ ತಲೆಬುರುಡೆಯ ಬುಡವನ್ನು ಮುಚ್ಚಿರಬೇಕು. ದವಡೆಯ ಪ್ಯಾಡ್ ಕೆನ್ನೆಗೆ ಒತ್ತಿ ಕೂತಿರಬೇಕು, ಒಂದು ಬೆರಳೂ ತೂರಬಾರದು. ಗಾಳಿ ತುಂಬುವ ಮಾದರಿಯಾದರೆ ಪಂಪಿನ ಸೂಜಿಗೆ ಗ್ಲಿಸರಿನ್ ಸವರಿಯೇ ಚುಚ್ಚುವುದು. ಒಣ ಸೂಜಿ ವಾಲ್ವಿನ ರಬ್ಬರನ್ನು ಹರಿಯುತ್ತದೆ. ಹರಿದದ್ದು ಅವತ್ತು ಗೊತ್ತಾಗುವುದಿಲ್ಲ, ಮೂರು ದಿನಕ್ಕೆ ಗಾಳಿ ಇಳಿದಾಗ ಗೊತ್ತಾಗುತ್ತದೆ. ಗಲ್ಲಪಟ್ಟಿಯ ನಾಲ್ಕೂ ಗುಂಡಿ ಹಾಕಿಸಿ, ಮುಖಜಾಲರಿಯನ್ನು ಎರಡು ಕೈಯಲ್ಲೂ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸುತ್ತೇವೆ. ಹೆಲ್ಮೆಟ್ ತಿರುಗಿದರೆ ಅದರ ಜೊತೆಗೆ ಹಣೆಯ ಚರ್ಮವೂ ತಿರುಗಬೇಕು. ಚರ್ಮ ಅಲ್ಲೇ ಇದ್ದು ಹೆಲ್ಮೆಟ್ ಮಾತ್ರ ತಿರುಗಿತೋ, ಬಿಚ್ಚಿ ಮತ್ತೆ ಶುರು. ಕೊನೆಗೆ ಮೇಲಿಂದ ಒತ್ತಿ "ಎಲ್ಲಿ ಭಾರ ಬೀಳ್ತಿದೆ?" ಎಂದು ಕೇಳುವುದು. ನೆತ್ತಿಯಲ್ಲಿ ಎಂದರೆ ಸರಿ, ಹುಬ್ಬಿನ ಮೇಲೆ ಎಂದರೆ ಒಳಗಿನ ಪ್ಯಾಡ್ ಬದಲಿಸಬೇಕು.

ಹೊಸಬರು ಎಲ್ಲರೂ ಹೇಳುವುದು ಒಂದೇ: ತುಂಬಾ ಬಿಗಿ. ಹೈಸ್ಕೂಲಿನಲ್ಲಿ ಸಡಿಲದ್ದೇ ಹಾಕಿ ಅಭ್ಯಾಸವಾಗಿರುತ್ತದೆ. ಹತ್ತು ನಿಮಿಷ ಹಾಕಿಸಿ ಕೂರಿಸಿ ಆಮೇಲೆ ಬಿಚ್ಚಿಸುತ್ತೇವೆ. ಹಣೆಯಲ್ಲಿ ಒಂದೇ ಜಾಗದಲ್ಲಿ ಕೆಂಪು ಗುರುತು ಬಿದ್ದಿದ್ದರೆ ಅವನ ದೂರು ನಿಜ, ಆ ಜಾಗದ ಪ್ಯಾಡ್ ತೆಳುವಾಗಬೇಕು. ಗುರುತು ಸುತ್ತಲೂ ಒಂದೇ ಸಮ ಇದ್ದರೆ ಅವನಿಗೆ ಅಭ್ಯಾಸವಾಗಬೇಕು, ಅಷ್ಟೇ.

ಇಷ್ಟೆಲ್ಲ ಮಾಡಿ ಕೂರಿಸಿದ್ದು ಎರಡೇ ವಾರಕ್ಕೆ ಸಡಿಲ. ಆಗಸ್ಟ್‌ನ ಅಭ್ಯಾಸ ಶಿಬಿರದಲ್ಲಿ ಕೆಲವರು ತಲೆ ಬೋಳಿಸಿಕೊಳ್ಳುತ್ತಾರೆ. ಉದ್ದ ಜಡೆ ಇದ್ದವರು ಅದನ್ನು ಬೇರೆ ಥರ ಹೆಣೆಸಿಕೊಂಡು ಬರುತ್ತಾರೆ. ಬಿಸಿಲಿಗೆ ಮೈತೂಕ ಇಳಿದು ಕೆನ್ನೆ ಬಡವಾಗುತ್ತದೆ. ಹೊಸ ಫೋಮ್ ಕೂಡ ಏಟು ತಿಂದು ಮೆತ್ತಗಾಗುತ್ತದೆ. ಇದರ ಬೆಲೆ ಮೈದಾನದಲ್ಲೇ ತೆರಬೇಕು: ಎದುರಾಳಿಯ ತಪ್ಪಿಲ್ಲದೆ ಆಟದ ನಡುವೆ ಯಾರದಾದರೂ ಹೆಲ್ಮೆಟ್ ಕಳಚಿ ಬಿದ್ದರೆ, ಅವನು ಮುಂದಿನ ಒಂದು ಅವಕಾಶಕ್ಕೆ ಹೊರಗೆ ನಿಲ್ಲಬೇಕೆಂಬುದು ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎಯ ನಿಯಮ. ಎದುರಾಳಿಯ ಎಂಡ್ ಝೋನ್‌ಗೆ ಎರಡು ಗಜವಿರುವಾಗ, ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಹೊರಗೆ ನಿಂತನೆಂದರೆ ಕೋಚ್ ತಿರುಗಿ ನೋಡುವುದು ಅವನನ್ನಲ್ಲ, ನಮ್ಮನ್ನು. ಅದಕ್ಕೇ ಪ್ರತಿ ಸೋಮವಾರ ಹೆಲ್ಮೆಟ್‌ಗಳನ್ನು ಸಾಲಿಗಿಟ್ಟು ಪ್ಯಾಡ್ ಒತ್ತಿ ನೋಡುವುದು, ಗುರುವಾರ ಗಾಳಿ ನೋಡುವುದು. ಕೇಳಿ ತಿಳಿದುಕೊಳ್ಳುತ್ತೇವೆ ಎಂದರೆ ಆಗದು. ಆಟಗಾರ ತಾನಾಗಿ ಬಂದು ಸಡಿಲವಾಗಿದೆ ಎಂದು ಹೇಳುವುದಿಲ್ಲ. ಸಡಿಲವೇ ಅವನಿಗೆ ಹಿತ.

ಶಿಬಿರ ಆಗಸ್ಟ್ ಮೊದಲ ವಾರದಲ್ಲಿ ಶುರು. ಮೊದಲ ಪಂದ್ಯಕ್ಕೆ ಮುಂಚೆ ಹೆಚ್ಚೆಂದರೆ 25 ಅಭ್ಯಾಸ. ಮೊದಮೊದಲು ಹೆಲ್ಮೆಟ್ ಮಾತ್ರ, ಆಮೇಲೆ ಶೋಲ್ಡರ್ ಪ್ಯಾಡ್, ಕೆಲವು ದಿನ ಮೈ ಬಿಸಿಲಿಗೆ ಹೊಂದಿಕೊಂಡ ಮೇಲಷ್ಟೇ ಪೂರ್ತಿ ಕವಚ. ದಿನಕ್ಕೆ ಎರಡು ಸಲ ಡಿಕ್ಕಿ ಹೊಡೆಸುವ ಹಳೆಯ ಪದ್ಧತಿಯನ್ನು 2017ರಲ್ಲಿ ನಿಲ್ಲಿಸಿದರು; ಅದು ಹೋದದ್ದು ಒಳ್ಳೆಯದೇ ಆಯಿತು. ಟೆಕ್ಸಸ್ಸೋ ಜಾರ್ಜಿಯಾವೋ ಆದರೆ ಆಗಸ್ಟಿನ ಮಧ್ಯಾಹ್ನದಲ್ಲಿ ಹೆಲ್ಮೆಟ್‌ನೊಳಗಿನ ತಲೆ ಹಬೆಯಲ್ಲಿಟ್ಟ ಇಡ್ಲಿಯಂತೆ. ಬರೀ ತಾಪಮಾನ ನೋಡಿದರೆ ಸಾಲದು. ತೇವ, ಬಿಸಿಲು, ಗಾಳಿ ಮೂರನ್ನೂ ಸೇರಿಸಿ ಅಳೆಯುವ ಉಪಕರಣವನ್ನು ಮೈದಾನದಲ್ಲೇ ನೆಟ್ಟಿರುತ್ತಾರೆ. ಅದರ ಅಂಕಿ ಏರಿದಂತೆ ಅಭ್ಯಾಸದ ಹೊತ್ತು ಇಳಿಯುತ್ತದೆ, ಪ್ಯಾಡ್ ಬಿಚ್ಚಿಸುತ್ತಾರೆ. ಐಸ್ ನೀರು ತುಂಬಿದ ತೊಟ್ಟಿ ಮೈದಾನದ ಅಂಚಿನಲ್ಲೇ ಇರಬೇಕು, ಕಟ್ಟಡದೊಳಗಲ್ಲ. ಬಿಸಿಲಿನ ಏಟು ಬಿದ್ದವನನ್ನು ಮೊದಲು ತಣಿಸುವುದು, ಆಮೇಲೆ ಆಂಬುಲೆನ್ಸ್. ಈ ಕ್ರಮ ತಿರುವುಮುರುವಾದರೆ ಜೀವ ಹೋಗುತ್ತದೆ. ಆ ಹೊತ್ತಿನಲ್ಲಿ ನಮ್ಮ ಕೆಲಸ ಶೋಲ್ಡರ್ ಪ್ಯಾಡ್ ತೆಗೆಯುವುದು. ಎದೆಯ ಮೇಲಿನ ಲೇಸನ್ನೂ ಪಕ್ಕದ ಪಟ್ಟಿಗಳನ್ನೂ ಕತ್ತರಿಯಿಂದ ಕತ್ತರಿಸಿ ಬಿಡುವುದೇ ಸರಿ, ಬಿಚ್ಚುತ್ತ ಕೂರಬಾರದು.

ಒಗೆಯುವ ಬಟ್ಟೆಯ ಲೆಕ್ಕ ಬೇರೆ. ಪ್ರತಿಯೊಬ್ಬನಿಗೂ ನಂಬರ್ ಬರೆದ ಒಂದು ಕಟ್ಟುಪಟ್ಟಿ ಕೊಡುತ್ತೇವೆ. ಅಭ್ಯಾಸ ಮುಗಿದ ಮೇಲೆ ಶಾರ್ಟ್ಸು, ಟೀ ಶರ್ಟು, ಕಾಲುಚೀಲ ಎಲ್ಲವನ್ನೂ ಅದಕ್ಕೆ ಪೋಣಿಸಿ ಬುಟ್ಟಿಗೆ ಎಸೆಯುತ್ತಾನೆ. ಪಟ್ಟಿ ಸಮೇತ ಒಗೆದು, ಒಣಗಿಸಿ, ಅವನ ಲಾಕರಿನ ಕೊಕ್ಕೆಗೆ ನೇತುಹಾಕುತ್ತೇವೆ. ಯಾರ ಕಾಲುಚೀಲವೂ ಯಾರಿಗೂ ಹೋಗುವುದಿಲ್ಲ. ಎಡವಟ್ಟಾಗುವುದು ಬಟ್ಟೆಯನ್ನು ಬಿಗಿಯಾಗಿ ಒತ್ತಿ ಪೋಣಿಸಿದಾಗ: ನಡುವಿನದು ಒದ್ದೆಯಾಗಿಯೇ ಉಳಿದು ಮರುದಿನ ವಾಸನೆ ಹೊಡೆಯುತ್ತದೆ, ತೊಡೆಸಂದಿ ಕೆರೆತ ಶುರುವಾಗುತ್ತದೆ. ಯಂತ್ರವನ್ನು ಮುಕ್ಕಾಲು ಪಾಲಿಗಿಂತ ಹೆಚ್ಚು ತುಂಬಿದರೂ ಇದೇ ಗತಿ.

ಇನ್ನು ಸ್ಕ್ರೂ. ಮುಖಜಾಲರಿಯನ್ನು ಶೆಲ್‌ಗೆ ಹಿಡಿದಿಡುವುದು ನಾಲ್ಕಾರು ಕ್ಲಿಪ್ಪು, ಅವುಗಳ ಸ್ಕ್ರೂ, ಒಳಗಿನ ನಟ್ಟು. ಬೆವರಿನ ಉಪ್ಪಿಗೆ ಇವು ತುಕ್ಕು ಹಿಡಿಯುತ್ತವೆ. ಆಟ ನಡೆಯುವಾಗ ತುಕ್ಕು ಹಿಡಿದದ್ದರಿಂದ ತೊಂದರೆಯೇನೂ ಇಲ್ಲ, ಇನ್ನೂ ಗಟ್ಟಿಯಾಗಿಯೇ ಕಚ್ಚಿಕೊಂಡಿರುತ್ತದೆ. ತೊಂದರೆ ಬರುವುದು ಯಾರಾದರೂ ಕುತ್ತಿಗೆಗೆ ಪೆಟ್ಟು ಬಿದ್ದು ಅಲುಗಾಡದೆ ಮಲಗಿದಾಗ. ಬೆನ್ನುಹುರಿಗೆ ಪೆಟ್ಟಾಗಿರಬಹುದೆಂಬ ಅನುಮಾನವಿದ್ದರೆ ತಲೆ ಅಲ್ಲಾಡಿಸದೆ, ಉಸಿರಿನ ದಾರಿ ಸಿಗುವ ಹಾಗೆ ಮುಖಜಾಲರಿ ತೆಗೆಯಬೇಕು. ಚಿಕಿತ್ಸಕ ಬ್ಯಾಟರಿ ಸ್ಕ್ರೂಡ್ರೈವರ್ ಇಟ್ಟ ಕೂಡಲೇ ಸ್ಕ್ರೂ ಜೊತೆಗೆ ಒಳಗಿನ ನಟ್ಟೂ ಗಿರಗಿರ ತಿರುಗಿದರೆ ಜಾಲರಿ ಬರುವುದಿಲ್ಲ, ಕಟ್ಟರ್‌ನಿಂದ ಕ್ಲಿಪ್ಪನ್ನೇ ಕತ್ತರಿಸಬೇಕಾಗುತ್ತದೆ. ಹಾಗಾಗಿ ಸ್ಟೇನ್‌ಲೆಸ್ ಸ್ಕ್ರೂಗಳನ್ನೇ ಹಾಕುತ್ತೇವೆ, ಸೀಸನ್ ನಡುವೆ ಒಮ್ಮೆ ಎಲ್ಲವನ್ನೂ ಬಿಚ್ಚಿ ನೋಡುತ್ತೇವೆ. ತಲೆ ಸವೆದ ಸ್ಕ್ರೂ ಕಂಡರೆ ಎಸೆಯುವುದೇ. ಒತ್ತಿದರೆ ಬಿಡುವ ಕ್ಲಿಪ್ಪುಗಳು ಬಂದಮೇಲೆ ಕೆಲಸ ಹಗುರವಾಗಿದೆ, ಆದರೆ ಅವುಗಳ ಸಂದಿಗೆ ಮಣ್ಣು ತುಂಬಿದರೆ ಅವೂ ಬಿಡುವುದಿಲ್ಲ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೆಗೆಯಬೇಕು.

ಶೆಲ್ ಒರೆಸಲು ಸೌಮ್ಯ ಸೋಪು ನೀರು ಸಾಕು. ಹಳೆಯ ಸ್ಟಿಕ್ಕರಿನ ಗೋಂದು ತೆಗೆಯಲು ಥಿನ್ನರ್ ಹಾಕಿದರೆ ಪಾಲಿಕಾರ್ಬೊನೇಟ್ ಕಣ್ಣಿಗೆ ಕಾಣದಂತೆ ಬಿರಿಯುತ್ತದೆ. ಬಿರುಕು ಮೊದಲು ಹುಟ್ಟುವುದು ಸ್ಕ್ರೂ ತೂತಿನ ಸುತ್ತ. ಉಗುರಿನಿಂದ ಗೀರಿ ನೋಡಿದರೆ ತಿಳಿಯುತ್ತದೆ.

ಸೆಪ್ಟೆಂಬರಿನಿಂದ ವಾರದ ಚಕ್ರ ಒಂದೇ. ಭಾನುವಾರ ಪಂದ್ಯದ ಬಟ್ಟೆ ಒಗೆತ, ಸೋಮವಾರ ಹೆಲ್ಮೆಟ್ ತಪಾಸಣೆ. ಮಂಗಳವಾರ, ಬುಧವಾರ ಪೂರ್ಣ ಅಭ್ಯಾಸ. ಗುರುವಾರ ಹಗುರ. ಶುಕ್ರವಾರ ನಡೆದಾಡಿ ನೋಡುವುದಷ್ಟೇ. ಸೀಸನ್‌ನಲ್ಲಿ ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆ, ವಾರಕ್ಕೊಂದು ದಿನ ರಜೆ ಎಂಬ ಮಿತಿ ಆಟಗಾರರಿಗೆ. ಸಲಕರಣೆ ಕೋಣೆಗೆ ಆ ಮಿತಿ ಅನ್ವಯಿಸುವುದಿಲ್ಲ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಭ್ಯಾಸವನ್ನು ಐದೈದು ನಿಮಿಷದ ಭಾಗಗಳಾಗಿ ಕತ್ತರಿಸಿರುತ್ತಾರೆ, ಪ್ರತಿ ಭಾಗಕ್ಕೂ ಹಾರ್ನ್. ಹಾರ್ನ್ ಹೊಡೆದಾಗ ಮುಂದಿನ ಭಾಗದ ಚೀಲ, ಕೋನು, ಚೆಂಡು ಅಲ್ಲಿ ಸಿದ್ಧವಿರಬೇಕು. ಎದುರಾಳಿಯ ಆಟ ಆಡಿ ತೋರಿಸುವ ಸ್ಕೌಟ್ ತಂಡಕ್ಕೆ ಎದುರಾಳಿಗಳ ನಂಬರಿನ ಜೆರ್ಸಿ ಬೇಕು. ಅದನ್ನು ಸೋಮವಾರವೇ ಜೋಡಿಸಿಡುತ್ತೇವೆ.

ಚೆಂಡಿನ ಕಥೆ ಕ್ರಿಕೆಟ್ ಬಲ್ಲವರಿಗೆ ಅರ್ಥವಾದೀತು. ಇಲ್ಲೂ ಹೊಳಪೇ ತಲೆನೋವು, ಆದರೆ ಇಲ್ಲಿ ಹೊಳಪನ್ನು ಉಳಿಸುವುದಲ್ಲ, ಕಳೆಯುವುದು. ಅಂಗಡಿಯಿಂದ ಬಂದ ಚರ್ಮದ ಚೆಂಡು ಜಾರುತ್ತದೆ. ಒದ್ದೆ ಟವೆಲಿನಿಂದ ಒರೆಸಿ, ಕೆಸರಿನಂಥ ಲೇಪ ಹಚ್ಚಿ ಒಣಗಲು ಬಿಟ್ಟು, ಗಟ್ಟಿ ಬ್ರಷ್‌ನಿಂದ ಉಜ್ಜಿ, ಮೇಣದ ಬಿಲ್ಲೆ ತಿಕ್ಕಿ, ಮತ್ತೆ ಉಜ್ಜಬೇಕು. ಚರ್ಮ ಕಿತ್ತಳೆ ಬಣ್ಣದಿಂದ ಕಂದಿಗೆ ತಿರುಗಿ ಅಂಗೈಗೆ ಅಂಟಿದಂತೆ ಅನಿಸಿದರೆ ಹದ ಬಂತು. ಆಮೇಲೂ ಒಂದೆರಡು ವಾರ ಕ್ವಾರ್ಟರ್‌ಬ್ಯಾಕ್ ಅಭ್ಯಾಸದಲ್ಲಿ ಎಸೆದು ಒಪ್ಪಬೇಕು. ಮೇಣ ಹೆಚ್ಚಾದರೆ ಚರ್ಮದ ಕಾಳುಕಾಳು ಮುಚ್ಚಿಹೋಗಿ, ಚಳಿಗೆ ಮೇಣ ಗಟ್ಟಿಯಾದಾಗ ಮತ್ತೆ ಜಾರುತ್ತದೆ. ಕಾಲೇಜು ಆಟದಲ್ಲಿ ಪ್ರತಿ ತಂಡವೂ ಚೆಂಡು ತನ್ನ ಕೈಲಿದ್ದಾಗ ತನ್ನದೇ ಚೆಂಡು ಬಳಸುತ್ತದೆ, ಹಾಗಾಗಿ ಈ ಹದ ನಮ್ಮ ಕೈಯಲ್ಲಿದೆ. ಕಿಕ್ಕರ್‌ಗೆ ಬೇರೆ ಚೆಂಡು. ಅವನಿಗೆ ಹೊಟ್ಟೆ ಉಬ್ಬಿ ಮೆತ್ತಗಾದದ್ದು ಇಷ್ಟ.

ಚೆಂಡಿನ ಗಾಳಿ 12.5ರಿಂದ 13.5 ಪಿಎಸ್‌ಐ (ಟೈರಿನ ಗಾಳಿ ಅಳೆಯುವ ಒತ್ತಡದ ಮಾನ), ತೂಕ 14ರಿಂದ 15 ಔನ್ಸ್. ಪಂದ್ಯಕ್ಕೆ ಮುಂಚೆ ಅಂಪೈರ್‌ಗಳ ಬಳಗ ಅದನ್ನು ಪರೀಕ್ಷಿಸುತ್ತದೆ, ಅದೂ ಬೆಚ್ಚಗಿನ ಕೋಣೆಯಲ್ಲಿ. 24 ಡಿಗ್ರಿಯ ಕೋಣೆಯಲ್ಲಿ 13 ತೋರಿಸಿದ ಚೆಂಡು ಸೊನ್ನೆ ಡಿಗ್ರಿಯ ಮೈದಾನಕ್ಕೆ ಬಂದರೆ ಹೆಚ್ಚುಕಡಿಮೆ 2 ಪಿಎಸ್‌ಐ ಕಳೆದುಕೊಳ್ಳುತ್ತದೆ. ಯಾರೂ ಮೋಸ ಮಾಡಿಲ್ಲ, ಗಾಳಿ ತಣ್ಣಗಾದರೆ ಕುಗ್ಗುತ್ತದೆ. ಅದಕ್ಕೆ ನವೆಂಬರ್‌ನಲ್ಲಿ 13.5ರ ಅಂಚಿಗೆ ತುಂಬಿಸಿಯೇ ಪರೀಕ್ಷೆಗೆ ಕೊಡುವುದು. ಎತ್ತರದ ಊರಿನಲ್ಲಿ ಇದು ಉಲ್ಟಾ. ವಯೋಮಿಂಗ್‌ನ ಲಾರಮಿ ಮೈದಾನ 7,220 ಅಡಿ ಎತ್ತರದಲ್ಲಿದೆ. ಸಮುದ್ರಮಟ್ಟದ ಊರಿನಲ್ಲಿ ತುಂಬಿದ ಚೆಂಡಿನ ಒತ್ತಡ ಅಲ್ಲಿ 3 ಪಿಎಸ್‌ಐಗೂ ಹೆಚ್ಚು ಏರಿರುತ್ತದೆ. ಹೆಲ್ಮೆಟ್‌ನ ಗಾಳಿಚೀಲಗಳದ್ದೂ ಅದೇ ಪಾಡು. ಮನೆಯಲ್ಲಿ ಹದವಾಗಿದ್ದದ್ದು ಅಲ್ಲಿ ತಲೆ ಹಿಂಡುತ್ತದೆ. ಆ ಊರಿಗೆ ಹೋದವರು ಶುಕ್ರವಾರ ಸಂಜೆ ಪಂಪು ಸೂಜಿ ಹಿಡಿದು ಎಲ್ಲರ ತಲೆಯನ್ನೂ ಮತ್ತೆ ನೋಡಬೇಕು. ಅಲ್ಲಿ ಗಾಳಿ ಬಿಟ್ಟ ಹೆಲ್ಮೆಟ್ ವಾಪಸು ಬಂದಾಗ ಸಡಿಲವಾಗಿರುತ್ತದೆ. ಇದನ್ನು ಮರೆಯುವವರೇ ಹೆಚ್ಚು.

ಜೆರ್ಸಿ ವಿಷಯಕ್ಕೆ ಬಂದರೆ, ಅತಿಥಿ ತಂಡಕ್ಕೆ ಸಾಮಾನ್ಯವಾಗಿ ಬಿಳಿ. ಮುಂಚೂಣಿ ಲೈನ್‌ಮನ್‌ಗಳ ಶೋಲ್ಡರ್ ಪ್ಯಾಡಿನ ಎದೆಗೂ ಪಕ್ಕಕ್ಕೂ ಎರಡೂ ಕಡೆ ಅಂಟುವ ಕಾರ್ಪೆಟ್ ಟೇಪ್ ಹಚ್ಚಿ ಅದರ ಮೇಲೆ ಜೆರ್ಸಿ ಎಳೆದು ಕೂರಿಸುತ್ತೇವೆ. ಎದುರಾಳಿಯ ಕೈಗೆ ಒಂದು ಹಿಡಿ ಬಟ್ಟೆ ಸಿಕ್ಕಿತೆಂದರೆ ನಮ್ಮವನನ್ನು ಎಳೆದು ಬೀಳಿಸುತ್ತಾನೆ. ಟೇಪ್ ಹಚ್ಚಿದ ಜೆರ್ಸಿ ಹಾಕಿಸಲು ಇಬ್ಬರು ಬೇಕು, ಬಿಚ್ಚಿಸಲೂ ಇಬ್ಬರು. ರಕ್ತ ಹತ್ತಿದ ಬಟ್ಟೆಯಲ್ಲಿ ಆಡುವಂತಿಲ್ಲ, ಆದ್ದರಿಂದ ಹೆಸರಿಲ್ಲದ ಹೆಚ್ಚುವರಿ ಜೆರ್ಸಿಗಳು ಪೆಟ್ಟಿಗೆಯಲ್ಲಿರುತ್ತವೆ. ಬದಲಿಸಿದಾಗ ನಂಬರೂ ಬದಲಾದರೆ ರೆಫರಿಗೆ ಹೇಳಲೇಬೇಕು. ಒಂದೇ ನಂಬರಿನ ಇಬ್ಬರು ಒಟ್ಟಿಗೆ ಮೈದಾನದಲ್ಲಿರುವಂತಿಲ್ಲ. ರಕ್ತದ ಕಲೆಗೆ ತಣ್ಣೀರು, ಎನ್‌ಝೈಮ್ ಇರುವ ಸೋಪು, ರಾತ್ರಿಯಿಡೀ ನೆನೆಸು. ಬಿಸಿನೀರಿಗೆ ಹಾಕಿದಿರೋ ಕಲೆ ಜನ್ಮಕ್ಕೆ ಹೋಗುವುದಿಲ್ಲ. ಅಂಟಿಸಿದ ನಂಬರಿನ ಜೆರ್ಸಿ ಡ್ರೈಯರಿಗೆ ಹೋಗಬಾರದು, ತಂತಿಗೆ ಹಾಕಿ ಒಣಗಿಸುವುದು.

ಹೊರಊರಿನ ಪಂದ್ಯಕ್ಕೆ 53 ಅಡಿಯ ಟ್ರೇಲರ್. ತುಂಬುವ ನಿಯಮ ಸರಳ: ಅಲ್ಲಿ ಮೊದಲು ಬೇಕಾದದ್ದು ಇಲ್ಲಿ ಕೊನೆಗೆ ಒಳಗೆ. ಆದರೆ ಈಗ ದೂರಗಳೇ ಬೇರೆಯಾಗಿವೆ. 2024ರಲ್ಲಿ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯಗಳಾದ ಯುಎಸ್‌ಸಿ, ಯುಸಿಎಲ್‌ಎ ಎರಡೂ ತಮ್ಮತಮ್ಮಲ್ಲೇ ಆಡುವ ಕಾಲೇಜುಗಳ ಕೂಟ ಬಿಗ್ ಟೆನ್ ಸೇರಿದವು. ಅದೇ ಕೂಟದ ರಟ್ಗರ್ಸ್ ಇರುವುದು ನ್ಯೂಜೆರ್ಸಿಯಲ್ಲಿ, ರಸ್ತೆಯಲ್ಲಿ ಸುಮಾರು 4,500 ಕಿಲೋಮೀಟರ್. ಲಾರಿ ಚಾಲಕ ದಿನಕ್ಕೆ 11 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ. ಒಬ್ಬನೇ ಆದರೆ ಐದು ದಿನದ ದಾರಿ, ಇಬ್ಬರಾದರೆ ಅರ್ಧ. ಗುರುವಾರದ ಅಭ್ಯಾಸಕ್ಕೆ ಬೇಕಾದ ಹೆಲ್ಮೆಟ್ಟು, ಪ್ಯಾಡು ಆ ಲಾರಿಗೆ ಏರಲಾರವು, ವಿಮಾನದಲ್ಲೇ ಬರಬೇಕು. ಹೀಗಾಗಿ ಪಟ್ಟಿ ಎರಡಾಗುತ್ತದೆ, ಮತ್ತು ಯಾವುದೋ ಒಂದು ವಸ್ತು ಎರಡೂ ಪಟ್ಟಿಯಿಂದ ತಪ್ಪಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಅದು ಸಣ್ಣದೇ: ಬೂಟಿನ ಮೊಳೆ ಬಿಗಿಯುವ ಕೀಲಿ, ಹಲ್ಲುಕವಚದ ಡಬ್ಬಿ. ಹಲ್ಲುಕವಚ ಬಿಳಿಯದಾಗಲಿ ಪಾರದರ್ಶಕವಾಗಲಿ ಆಗಬಾರದು, ಕಣ್ಣಿಗೆ ಕಾಣುವ ಬಣ್ಣವೇ ಬೇಕು. ಅಪರಿಚಿತ ಊರಿನಲ್ಲಿ ಶನಿವಾರ ಬೆಳಿಗ್ಗೆ ಅಂಥ 80 ಕವಚ ಹುಡುಕುವುದು ಸುಲಭವಲ್ಲ.

ಪಂದ್ಯದ ದಿನ ಕೈಚೀಲದಲ್ಲಿ ಇಷ್ಟಿರಬೇಕು: ಎರಡು ಸ್ಕ್ರೂಡ್ರೈವರ್, ಇಕ್ಕಳ, ಸ್ಕ್ರೂ, ಕ್ಲಿಪ್ಪು, ಎಂಟು ಹತ್ತು ಗಲ್ಲಪಟ್ಟಿ, ಬೂಟಿನ ಲೇಸು, ದವಡೆ ಪ್ಯಾಡು, ಪಂಪು, ಗ್ಲಿಸರಿನ್, ಟೇಪು. ಎರಡು ಅವಕಾಶಗಳ ನಡುವೆ ಸಿಗುವುದು 40 ಸೆಕೆಂಡ್. ಅಷ್ಟರಲ್ಲಿ ಗಲ್ಲಪಟ್ಟಿ ಬದಲಿಸಬಹುದು, ಮುಖಜಾಲರಿ ಆಗುವುದಿಲ್ಲ. ಅದಕ್ಕೆ ಮುಖ್ಯ ಆಟಗಾರರಿಗೆ ಕೂರಿಸಿಟ್ಟ ಎರಡನೇ ಹೆಲ್ಮೆಟ್ ಸಿದ್ಧವಿರುತ್ತದೆ. 2024ರಿಂದ ಉನ್ನತ ವಿಭಾಗದಲ್ಲಿ ಕೋಚ್ ಒಬ್ಬ ಆಟಗಾರನ ಹೆಲ್ಮೆಟ್‌ಗೆ ನೇರವಾಗಿ ಮಾತಾಡಬಹುದು. ಆ ಹೆಲ್ಮೆಟ್‌ನ ಬೆನ್ನಿಗೆ ಹಸಿರು ಚುಕ್ಕಿ. ಆ 40 ಸೆಕೆಂಡಿನ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ, ಇಲ್ಲವೇ ಚೆಂಡು ಎತ್ತಿ ಆಟ ಶುರುವಾದಾಗ, ದನಿ ನಿಲ್ಲುತ್ತದೆ. ಸ್ಪೀಕರ್ ಕೂರಿಸಿದರೆ ಕಿವಿಯ ಬಳಿಯ ಪ್ಯಾಡಿನ ದಪ್ಪ ಬದಲಾಗುತ್ತದೆ, ಅಂದರೆ ಇಡೀ ಫಿಟ್ಟಿಂಗ್ ಮತ್ತೊಮ್ಮೆ. ಬದಲಿ ಕ್ವಾರ್ಟರ್‌ಬ್ಯಾಕ್‌ನದ್ದನ್ನೂ ಅಷ್ಟೇ ಮುತುವರ್ಜಿಯಿಂದ ಸಿದ್ಧಮಾಡಬೇಕು. ಅವನು ಬೇಕಾಗುವುದು ಹೇಳದೆ ಕೇಳದೆ.

ತಲೆಗೆ ಪೆಟ್ಟು ಬಿದ್ದು ಮಂಕಾದವನನ್ನು ವೈದ್ಯರು ಹೊರಗಿಟ್ಟರೆ, ಅವನ ಹೆಲ್ಮೆಟ್ಟನ್ನೂ ಎತ್ತಿಟ್ಟುಬಿಡುತ್ತೇವೆ. ಕೈಲಿದ್ದರೆ ಕಣ್ಣು ತಪ್ಪಿಸಿ ಒಳಗೆ ಓಡುತ್ತಾನೆ. ಎಷ್ಟೇ ಬೇಡಿಕೊಂಡರೂ ವೈದ್ಯರ ಮಾತಿಲ್ಲದೆ ಅದು ಪೆಟ್ಟಿಗೆಯಿಂದ ಹೊರಬರುವುದಿಲ್ಲ. ಹೆಲ್ಮೆಟ್ ತಲೆಬುರುಡೆ ಒಡೆಯದಂತೆ ಕಾಯುತ್ತದೆ, ಒಳಗೆ ಮಿದುಳು ಅಲುಗುವುದನ್ನು ತಡೆಯಲಾರದು. ಅಭ್ಯಾಸದಲ್ಲಿ ಹೆಲ್ಮೆಟ್ ಮೇಲೆ ತೊಡಿಸುವ ಗಾರ್ಡಿಯನ್ ಕ್ಯಾಪ್‌ನ ಮೆತ್ತೆ ಏಟನ್ನು ಒಂದಿಷ್ಟು ಹೀರುತ್ತದೆ, ಆದರೆ ಅದರ ಪಟ್ಟಿ ಸಡಿಲವಾದರೆ ಮುಂದಕ್ಕೆ ಜಾರಿ ಕಣ್ಣು ಮುಚ್ಚುತ್ತದೆ.

ಆರು ಪಂದ್ಯ ಗೆದ್ದ ತಂಡಕ್ಕೆ ಡಿಸೆಂಬರಿನಲ್ಲಿ ಬೌಲ್ ಪಂದ್ಯದ, ಅಂದರೆ ಸೀಸನ್ ಮುಗಿದ ಮೇಲಿನ ಹೆಚ್ಚುವರಿ ಪಂದ್ಯದ, ಅರ್ಹತೆ. ರಾಷ್ಟ್ರೀಯ ಪ್ಲೇಆಫ್‌ಗೆ 2024ರಿಂದ ನಾಲ್ಕರ ಬದಲು 12 ತಂಡ. ಆ ಮೊದಲ ವರ್ಷ ಅಂತಿಮ ಪಂದ್ಯ ಆಡಿದ ಒಹಾಯೋ ಸ್ಟೇಟ್, ನೋಟರ್ ಡೇಮ್ ಎರಡೂ ತಲಾ 16 ಪಂದ್ಯ ಆಡಿದ್ದವು. ಅದು ಮುಗಿದಾಗ ಜನವರಿ 20. ಹೆಲ್ಮೆಟ್ ಫೋಮಿಗೆ ನಾಲ್ಕು ಪಂದ್ಯ ಹೆಚ್ಚು, ರಿಪೇರಿಗೆ ಮೂರು ವಾರ ಕಡಿಮೆ. ಸೀಸನ್ ಮುಗಿದ ಹೆಲ್ಮೆಟ್‌ಗಳನ್ನು ಪೆಟ್ಟಿಗೆ ಕಟ್ಟಿ ನವೀಕರಣ ಕಾರ್ಖಾನೆಗೆ ಕಳಿಸುತ್ತೇವೆ. ಅಲ್ಲಿ ಬಿಚ್ಚಿ, ತೊಳೆದು, ಬಿರುಕು ನೋಡಿ, ಏಟಿನ ಪರೀಕ್ಷೆ ಮಾಡಿ, ಹೊಸ ಬಣ್ಣ ಹೊಡೆದು ಕಳಿಸುತ್ತಾರೆ. ಹತ್ತು ವರ್ಷ ದಾಟಿದ್ದನ್ನು ಅವರು ಮುಟ್ಟುವುದಿಲ್ಲ. ಕಳಿಸುವ ಮುನ್ನ ಪ್ರತಿ ಹೆಲ್ಮೆಟ್‌ನ ಕ್ರಮಸಂಖ್ಯೆ, ವರ್ಷ, ಒಳಗಿನ ಪ್ಯಾಡುಗಳ ಅಳತೆ ಬರೆದಿಡಬೇಕು; ಬರೆಯದೆ ಕಳಿಸಿದರೆ ಮಾರ್ಚ್‌ನ ಅಭ್ಯಾಸಕ್ಕೆ ಹಿಂತಿರುಗಿದಾಗ ಯಾರ ತಲೆಗೆ ಯಾವುದು ಎಂಬುದೇ ತಿಳಿಯುವುದಿಲ್ಲ.

ಅಷ್ಟರಲ್ಲಿ ಬೇರೆ ಕಾಲೇಜು ಬಿಟ್ಟು ಬಂದ ಹೊಸ ಆಟಗಾರರು ಬಾಗಿಲಲ್ಲಿ ನಿಂತಿರುತ್ತಾರೆ. ಬೌಲ್ ಪಂದ್ಯದ ಬಟ್ಟೆ ಇನ್ನೂ ತಂತಿಯ ಮೇಲಿದೆ, ಬಿಟ್ಟುಹೋದವರ ನಂಬರ್ ಇನ್ನೂ ಲಾಕರಿನ ಮೇಲಿದೆ. ಒಂದು ಕುರ್ಚಿ ಎಳೆದು ಕೂರಿಸಿ, ಕೂದಲು ಒದ್ದೆ ಮಾಡಿಸಿ, ಹುಬ್ಬಿನಿಂದ ಒಂದು ಇಂಚು ಮೇಲೆ ಟೇಪು ಹಿಡಿಯುತ್ತೇವೆ. ಹಳೆಯ ಕಾಲೇಜಿನಲ್ಲಿ ಯಾವ ಅಳತೆ ಹಾಕುತ್ತಿದ್ದೆ ಎಂದು ಕೇಳುವುದಿಲ್ಲ.